ಚೋಮನೂ ತಬರನೂ ನಾವೂ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ಮರಕುಂಬಿ ಎಂಬ ಗ್ರಾಮದ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು 2024ನೆಯ ಇಸವಿ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಕೇಳಿರಬಹುದು. ಆ ತಿಂಗಳ 24ನೆಯ ತಾರೀಖಿನಂದು ಕೊಪ್ಪಳದ ಸೆಷನ್ಸ್ ನ್ಯಾಯಾಲಯವು, ಆ ಗ್ರಾಮದ ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ 101 ಮಂದಿಯನ್ನು ಅಪರಾಧಿಗಳೆಂದು ನಿರ್ಣಯಿಸಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಕೃತ್ಯ ನಡೆದುದು 2014ರ ಆಗಸ್ಟ್ 28ರಂದು. ತೀರ್ಪು ಬರಲು ಹತ್ತು ವರ್ಷಗಳು ಹಿಡಿದುವು. ಶಿಕ್ಷಿತರು ಮೇಲ್ಮನವಿ ಮಾಡಿಕೊಂಡು, ಬಹುಮಂದಿ ಜಾಮೀನಿನ ಮೇಲೆ ಹೊರಕ್ಕೆ ಬಂದರು. ಕೇರಿಯವರಿಗೆ ಕ್ಷೌರದ ಅಂಗಡಿಯಲ್ಲಿಯೂ ಹೋಟೆಲಿನಲ್ಲಿಯೂ ಪ್ರವೇಶವಿಲ್ಲದಿದ್ದುದನ್ನು ಅವರು ಪ್ರಶ್ನಿಸಿದುದೇ ಅಲ್ಲಿಯ ವೈಮನಸ್ಯಕ್ಕೆ ಮೂಲವಾಗಿದ್ದಿತು. ಆದರೆ ಆ ದಿನ ಕಿಡಿ ಹೊತ್ತಿದುದು ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ನಡೆದ ಜಗಳದ ನೆವದಿಂದ.

ಈ ಕಡೆಯ ಸಂಗತಿಯ ಮೇಲೆ ನಾವು ವಾಚಕ ಮಹಾಶಯರ ಗಮನವನ್ನು ಕ್ಷಣಕಾಲ ನಿಲ್ಲಿಸಬಯಸುತ್ತೇವೆ. ಚಿತ್ರಮಂದಿರದ ಟಿಕೆಟ್ಟಿನ ಕಿಂಡಿಯು ಜಾತಿಯನ್ನು ಕೇಳುವುದಿಲ್ಲ. ಒಳಗಿನ ಕತ್ತಲೆಯಲ್ಲಿ ಊರಿನವನೂ ಕೇರಿಯವನೂ ತೋಳಿಗೆ ತೋಳು ತಾಗಿಸಿ ಕುಳಿತಿರುತ್ತಾರೆ. ತೆರೆಯ ಮೇಲೆ ದುಷ್ಟನು ಬಡವನನ್ನು ಹೊಡೆದರೆ ಇಬ್ಬರೂ ಹಲ್ಲು ಕಡಿಯುತ್ತಾರೆ. ನಾಯಕನು ಆ ದುಷ್ಟನನ್ನು ನೆಲಕ್ಕೆ ಕೆಡವಿದರೆ ಇಬ್ಬರೂ ಶಿಳ್ಳೆ ಹೊಡೆಯುತ್ತಾರೆ. ಆಟ ಮುಗಿದು ದೀಪ ಹತ್ತಿದ ಮೇಲೆ ಮಾತ್ರ ಊರು ಊರಾಗಿಯೂ ಕೇರಿ ಕೇರಿಯಾಗಿಯೂ ಉಳಿಯುತ್ತವೆ. ಹಾಗಾದರೆ ಮೂರು ಗಂಟೆಗಳ ಕಾಲ ಅನ್ಯಾಯದ ಮೇಲೆ ಉಕ್ಕಿದ ಆ ಕೋಪವು ಎಲ್ಲಿಗೆ ಹೋಯಿತು? ಕಥೆ, ಕಾದಂಬರಿ, ಸಿನಿಮಾಗಳು ತೋರಿಸುವ ಅನ್ಯಾಯಕ್ಕೂ ನಮ್ಮ ಬೀದಿಯ ಅನ್ಯಾಯಕ್ಕೂ ಏನಾದರೂ ಸಂಬಂಧವುಂಟೋ, ಇಲ್ಲವೆ ಅದು ಕನ್ನಡಿಯೊಳಗಿನ ಗಂಟು ಮಾತ್ರವೋ? ಇದು ವಿದ್ವಾಂಸರ ಗೋಷ್ಠಿಗೆ ಬಿಟ್ಟುಬಿಡತಕ್ಕ ಪ್ರಶ್ನೆಯಲ್ಲವೆಂದು ನಾವು ಭಾವಿಸುತ್ತೇವೆ. ಓದು ಬಲ್ಲ ಪೌರರೂ ಕಚೇರಿಯಲ್ಲಿ ಸಹಿ ಹಾಕುವ ಅಧಿಕಾರವುಳ್ಳವರೂ ತಮಗೆ ತಾವೇ ಕೇಳಿಕೊಳ್ಳತಕ್ಕ ಪ್ರಶ್ನೆಯಿದು.

ಕನ್ನಡದಲ್ಲಿ ಈ ವಿಚಾರವನ್ನೆತ್ತಿದರೆ ಮೊದಲು ನೆನಪಾಗುವವನು ಚೋಮ. ಶಿವರಾಮ ಕಾರಂತರ "ಚೋಮನ ದುಡಿ"ಯು 1933ನೆಯ ಇಸವಿಯಲ್ಲಿ ಪ್ರಕಟವಾಯಿತು. ಅಸ್ಪೃಶ್ಯ ಜಾತಿಯ ಜೀತದಾಳಾದ ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ. ಅವನ್ನು ಕಟ್ಟಿ ಉಳಲು ಅಂಗೈಯಗಲ ನೆಲವಿಲ್ಲ. ತಾನೂ ಒಬ್ಬ ಬೇಸಾಯಗಾರನಾಗಬೇಕೆಂಬುದಷ್ಟೇ ಅವನ ಆಸೆ. ಅವನ ಧಣಿಯಾದ ಸಂಕಪ್ಪಯ್ಯನು ಕ್ರೂರಿಯಲ್ಲ. ಕೊಡೋಣವೇ ಎಂದು ಒಂದು ಗಳಿಗೆ ಅವನ ಮನಸ್ಸು ಮೆದುವಾಗುವುದೂ ಉಂಟು. ಆದರೆ ಮನೆಯ ಹಿರಿಯ ತಾಯಿಯ ಮಾತು ಅಡ್ಡ ಬರುತ್ತದೆ. ಹಿಂದಿನಿಂದ ಬಾರದ ಪದ್ಧತಿಯು ಈಗ ಹೇಗೆ ಬಂದೀತು ಎಂಬ ನ್ಯಾಯ ಗೆಲ್ಲುತ್ತದೆ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಗನೊಬ್ಬನು ಸಾಯುತ್ತಾನೆ. ಮತ್ತೊಬ್ಬನು ಮತ ಬಿಟ್ಟುಹೋಗುತ್ತಾನೆ. ಇನ್ನೊಬ್ಬ ಹುಡುಗನು ನೀರಿನಲ್ಲಿ ಮುಳುಗುತ್ತಿರಲು, ಮುಟ್ಟಿದರೆ ಮೈಲಿಗೆಯೆಂದು ದಡದವರು ನೋಡುತ್ತ ನಿಲ್ಲುತ್ತಾರೆ. ಕಡೆಗೆ ಚೋಮನಿಗೆ ಉಳಿಯುವುದು ದುಡಿಯೊಂದೇ. ಈ ಕಥೆಯಲ್ಲಿ ಗಲ್ಲಿಗೇರಿಸತಕ್ಕ ಖಳನೊಬ್ಬನನ್ನು ಹುಡುಕಿದರೂ ಸಿಕ್ಕುವುದು ಕಷ್ಟ. ದಡದಲ್ಲಿ ನಿಂತವರು ಮಾತ್ರ ಎಲ್ಲೆಲ್ಲಿಯೂ ಕಾಣಸಿಗುತ್ತಾರೆ. ಕಾರಂತರ ಹಿರಿಮೆಯಿರುವುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಈ ಕಾದಂಬರಿಯನ್ನು ಬಿ. ವಿ. ಕಾರಂತರು ಚಲಚ್ಚಿತ್ರವಾಗಿಸಿದುದು 1975ರಲ್ಲಿ. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ಚೋಮನ ಪಾತ್ರ ವಹಿಸಿದ ವಾಸುದೇವರಾಯರಿಗೂ ಅತ್ಯುತ್ತಮ ನಟನೆಂಬ ಗೌರವ ಸಂದಿತು. ಅದಕ್ಕೆ ಮುಂಚಿನ ವರ್ಷ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯು ಜಾರಿಗೆ ಬಂದಿದ್ದಿತು. ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿ ಹಾಕಿ ಒಡೆಯರಾದರು. ಕರಾವಳಿಯ ಸಾವಿರಾರು ಮನೆಗಳಲ್ಲಿ ಆ ಕಾಯಿದೆಯು ಒಲೆ ಹತ್ತಿಸಿತೆಂಬುದನ್ನು ನಾವು ಮರೆಯಲಾರೆವು. ಆದರೆ ಚೋಮನನ್ನು ಆ ಮಂಡಳಿಯ ಮುಂದೆ ನಿಲ್ಲಿಸಿ ನೋಡೋಣ. ಅವನಲ್ಲಿ ಗೇಣಿ ಚೀಟಿಯಿಲ್ಲ, ಪಹಣಿಯಲ್ಲಿ ಅವನ ಹೆಸರಿಲ್ಲ, ಅವನು ಗೇಣಿದಾರನೇ ಅಲ್ಲ. ಉಳುವವನಿಗೆ ಭೂಮಿಯೆಂದಿತು ಕಾಯಿದೆ. ಚೋಮನ ದುಃಖವೋ, ತನ್ನನ್ನು ಉಳುವವನಾಗಲು ಬಿಡಲಿಲ್ಲವೆಂಬುದು. ಹೆಚ್ಚುವರಿ ಭೂಮಿಯ ಹಂಚಿಕೆಯಲ್ಲಿ ಕೆಲವು ಭೂಹೀನರಿಗೆ ತುಂಡು ನೆಲ ದೊರೆತುದೂ, 1976ರಲ್ಲಿ ಜೀತ ಪದ್ಧತಿಯನ್ನು ರದ್ದುಪಡಿಸುವ ಕೇಂದ್ರದ ಕಾಯಿದೆ ಬಂದುದೂ, 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ ರಾಜ್ಯದ ಕಾಯಿದೆ ಬಂದುದೂ ನಿಜವೇ. ಆದರೂ ಇಷ್ಟು ಮಾತು ನಿಲ್ಲುತ್ತದೆ: ನಾಲ್ವತ್ತು ವರ್ಷಗಳಷ್ಟು ಹಿಂದೆಯೇ ಕಾದಂಬರಿಕಾರನೊಬ್ಬನು ಕಂಡಿದ್ದ ಮನುಷ್ಯನನ್ನು ಕಾಯಿದೆಯ ಕರಡು ಬರೆದವರು ಕಾಣದೆಹೋದರು. ಸಾಹಿತ್ಯದಿಂದ ರಾಜ್ಯಭಾರಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ಇದೇ ಉತ್ತರ.

ಚೋಮನನ್ನು ಕಂಡವನು ಚೋಮನಲ್ಲ; ಅವನ ಮೇಲೆ ಮರುಕಪಟ್ಟ ಮೇಲುಜಾತಿಯ ಮಹನೀಯರೊಬ್ಬರು. ಮರುಕವು ದೊಡ್ಡ ಗುಣವೇ. ಆದರೆ ಮರುಕಕ್ಕೆ ಪಾತ್ರನಾದವನು ಒಂದು ದಿನ ತಲೆಯೆತ್ತಿ, ನನ್ನ ಕಥೆಯನ್ನು ನಾನೇ ಹೇಳುತ್ತೇನೆ ಎನ್ನದಿರುವನೆ? ಆ ದಿನ ಕನ್ನಡನಾಡಿನಲ್ಲಿ ಸದ್ದುಮಾಡಿ ಬಂದಿತು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಎತ್ತಿಗೆ ಹಾಕುವ ಬೂಸಾವನ್ನು ಸರಸ್ವತಿಯ ಪ್ರಸಾದಕ್ಕೆ ಹೋಲಿಸಿದರೆಂದು ನಾಡು ಭುಗಿಲೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಕುವೆಂಪು ಅವರಂಥ ಹಿರಿಯರು ಆ ಮಾತಿನ ಹಿಂದಿನ ನೋವನ್ನು ಅರಿತು ಬಸವಲಿಂಗಪ್ಪನವರ ಪರವಾಗಿ ನಿಂತರೆಂಬುದು ನಮ್ಮ ಸಾಹಿತ್ಯಕ್ಕೆ ಭೂಷಣವಾದ ಸಂಗತಿ.

ನಾವು ಆ ಶಬ್ದವನ್ನು ಸಮರ್ಥಿಸುವವರಲ್ಲ. ಪಂಪನನ್ನೂ ಬಸವಣ್ಣನನ್ನೂ ಹೆತ್ತ ಭಾಷೆಯ ಸಂಪತ್ತಿಗೆ ಆ ಹೆಸರು ಒಪ್ಪದು. ಆದರೆ ಆ ದಿನ ಕನ್ನಡದ ಅಭಿಮಾನವು ಒಂದು ಶಬ್ದಕ್ಕಾಗಿ ತೋರಿದ ಸಿಟ್ಟನ್ನು, ಚೋಮನ ಮಗನು ನೀರಿನಲ್ಲಿ ಮುಳುಗಿದಾಗ ಎಂದಾದರೂ ತೋರಿದ್ದಿತೆ? ಬೈಗುಳವನ್ನು ಕೇಳಿದ ಕಿವಿಗೆ ಅದರ ಹಿಂದಿನ ಪ್ರಶ್ನೆ ಕೇಳಿಸಲಿಲ್ಲ. ಸಾವಿರ ವರ್ಷಗಳ ಈ ಸಾಹಿತ್ಯದಲ್ಲಿ ನಮ್ಮ ಮನೆಯ ಅಂಗಳವೆಲ್ಲಿದೆ ಎಂಬುದೇ ಆ ಪ್ರಶ್ನೆ. ಉತ್ತರವನ್ನು ಪ್ರಶ್ನೆ ಕೇಳಿದವರೇ ಬರೆದರು. ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" 1975ರಲ್ಲಿ ಬಂದಿತು. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿಯು ಹುಟ್ಟಿತು; 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯು ತಲೆಯೆತ್ತಿತು. ದೇವನೂರ ಮಹಾದೇವರ "ಕುಸುಮಬಾಲೆ"ಗೆ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥೆಗೆ "ಗೌರ್ಮೆಂಟ್ ಬ್ರಾಹ್ಮಣ" ಎಂದು ಹೆಸರಿಟ್ಟು, ಅಣಕದ ಮಾತನ್ನೇ ಬಾಗಿಲ ಫಲಕವನ್ನಾಗಿ ತೂಗುಹಾಕಿದರು.

ಇವರ ಬರಹದಲ್ಲಿ ಒಂದು ಹೊಸ ವಿಷಯವುಂಟು. ಅದನ್ನು ಪರಗೇರಿಯ ಕರುಣಾಳು ಲೇಖಕನು ಬಹಳವಾಗಿ ಕಾಣಲಾರನು. ದೇವನೂರರ "ಒಡಲಾಳ"ದಲ್ಲಿ ಸಾಕವ್ವನೆಂಬ ಮುದುಕಿ ಕಳೆದುಹೋದ ತನ್ನ ಹುಂಜಕ್ಕಾಗಿ ಕೇರಿಯನ್ನೆಲ್ಲ ಜಾಲಾಡುತ್ತಾಳೆ. ಹಸಿದ ಮನೆಯವರೆಲ್ಲ ರಾತ್ರಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿಯನ್ನು ಹಬ್ಬದಂತೆ ತಿನ್ನುತ್ತಾರೆ. ಅಲ್ಲಿ ಹಸಿವಿದೆ, ಪೋಲೀಸರ ಭಯವಿದೆ. ಅವುಗಳ ನಡುವೆಯೇ ನಗುವಿದೆ, ಜಗಳವಿದೆ, ಮುದುಕಿಯ ಗತ್ತಿದೆ. ಅನ್ಯಾಯಕ್ಕೆ ಗುರಿಯಾದವನು ಅನ್ಯಾಯದ ಗುರುತಿನ ಚೀಟಿಯಷ್ಟೇ ಅಲ್ಲ, ಅವನು ಇಡಿಯ ಮನುಷ್ಯ ಎಂಬುದನ್ನು ಆ ಕಥೆಯು ವಾದಿಸದೆಯೇ ಸಾಧಿಸುತ್ತದೆ. ಅಸ್ಮಿತೆಯೆಂಬ ಮಾತನ್ನು ಇಂದು ಎಲ್ಲರೂ ಬಳಸುತ್ತಾರೆ. ನಾವು ತಿಳಿದಮಟ್ಟಿಗೆ ಅದರ ನಿಜವಾದ ಅರ್ಥವು, ನನ್ನ ಮೇಲೆ ಅಯ್ಯೋ ಎನ್ನಬೇಡಿರಿ, ನನ್ನನ್ನು ಸರಿಸಮನೆಂದು ಎಣಿಸಿರಿ ಎಂಬುದೇ ಆಗಿದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕಾಗಿದೆ. ನಮ್ಮ ವಾಚಕರಲ್ಲಿಯೇ ಕೆಲವು ಸಜ್ಜನರು ಅದನ್ನು ಪತ್ರಮುಖೇನ ಆಗಾಗ್ಗೆ ತಿಳಿಸುತ್ತಿರುತ್ತಾರೆ. ಇಂಥ ಬರಹಗಳೂ ಚಿತ್ರಗಳೂ ಮರೆತುಹೋಗುತ್ತಿರುವ ಗಾಯವನ್ನು ಕೆದಕುತ್ತವೆ, ರಾಷ್ಟ್ರದ ಐಕ್ಯವನ್ನು ಕೆಡಿಸುತ್ತವೆ ಎಂಬುದು ಅವರ ಅಳಲು. ದೇಶದ ಐಕ್ಯವನ್ನು ಪ್ರಾಣವೆಂದೆಣಿಸುವ ನಾವು ಈ ಮಾತನ್ನು ಲಘುವಾಗಿ ತಳ್ಳಿಹಾಕುವುದಿಲ್ಲ. ಆದರೆ ಇದೇ ಮಾತನ್ನು ಹಿಂದೆ ಯಾರು ಆಡಿದ್ದರೆಂಬುದನ್ನು ನೆನೆಯೋಣ. 1860ರಲ್ಲಿ ದೀನಬಂಧು ಮಿತ್ರರು ನೀಲಿ ಬೆಳೆಯ ರೈತರ ಗೋಳನ್ನು "ನೀಲದರ್ಪಣ"ವೆಂಬ ಬಂಗಾಳಿ ನಾಟಕದಲ್ಲಿ ತೋರಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ 1861ರಲ್ಲಿ ಒಂದು ತಿಂಗಳ ಸೆರೆವಾಸವೂ ಸಾವಿರ ರೂಪಾಯಿ ದಂಡವೂ ವಿಧಿಸಲ್ಪಟ್ಟುವು. ಆ ದಂಡವನ್ನು ತೆತ್ತವರು ಕಾಳೀಪ್ರಸನ್ನ ಸಿಂಹರೆಂಬ ಭಾರತೀಯರು. ಮುಂದೆ 1876ರಲ್ಲಿ ಆಂಗ್ಲ ಸರ್ಕಾರವು ನಾಟಕ ಪ್ರದರ್ಶನಗಳನ್ನು ಹತ್ತಿಕ್ಕುವ ಕಾಯಿದೆಯನ್ನೇ ತಂದಿತು. ರೈತನಿಗೆ ಅಸಂತೋಷವಾದುದು ಚಾಟಿಯಿಂದಲ್ಲ, ನಾಟಕದಿಂದ ಎಂದು ನೀಲಿ ತೋಟದ ದೊರೆಗಳು ನಂಬಿದ್ದರು. ಆ ಕಾಯಿದೆಯು ಸ್ವತಂತ್ರ ಭಾರತದ ಪುಸ್ತಕದಲ್ಲಿಯೂ ಉಳಿದುಕೊಂಡಿದ್ದು 2018ರಲ್ಲಿ ರದ್ದಾಯಿತೆಂಬುದು ನಮಗೇನೂ ಹೆಮ್ಮೆಯ ಸಂಗತಿಯಲ್ಲ.

ನಮ್ಮವರೇ ಅಧಿಕಾರದಲ್ಲಿ ಕುಳಿತ ಮೇಲೂ ಭಯವು ಹೋಗಲಿಲ್ಲ. ಅನಂತಮೂರ್ತಿಯವರ "ಸಂಸ್ಕಾರ"ವನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದಾಗ ಮದರಾಸಿನ ಸೆನ್ಸಾರ್ ಮಂಡಳಿಯು ಅದನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ಮಧ್ಯಸ್ಥಿಕೆಯಿಂದ ನಿಷೇಧವು ತೆರವಾಗಿ ಚಿತ್ರವು ತೆರೆ ಕಂಡಿತು. ಪ್ರಳಯವೇನೂ ಆಗಲಿಲ್ಲ, ಅಗ್ರಹಾರಗಳು ಉರುಳಿಬೀಳಲಿಲ್ಲ. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಅದರ ಮೂಲಕ ಮೊದಲ ಬಾರಿಗೆ ಕನ್ನಡಕ್ಕೆ ಬಂದಿತು. ಗಾಯವನ್ನು ಮಾಡಿದವನು ವೈದ್ಯನಲ್ಲ. ಬಟ್ಟೆ ಬಿಚ್ಚಿ ತೋರಿಸಿದವನ ಮೇಲೆ ಕೋಪಿಸಿಕೊಂಡರೆ ಕೀವು ಒಳಕ್ಕಿಳಿಯುತ್ತದೆ. ಐಕ್ಯವೆಂಬುದು ಒಬ್ಬನು ಬಾಯಿ ಮುಚ್ಚಿಕೊಂಡಿರುವುದರಿಂದ ಬರುವ ನಿಶ್ಶಬ್ದವಾದರೆ, ಅಂಥ ಐಕ್ಯವನ್ನು ಪರಕೀಯರೂ ನಮಗೆ ಧಾರಾಳವಾಗಿ ಕೊಟ್ಟಿದ್ದರು.

ಹಾಗೆಂದಮಾತ್ರಕ್ಕೆ ಅನ್ಯಾಯದ ಚಿತ್ರಣವೆಲ್ಲವೂ ಸಮನಾದುದೆಂದು ನಾವು ಹೇಳುವುದಿಲ್ಲ. ಜನಪ್ರಿಯ ಸಿನಿಮಾದ ಒಂದು ಸ್ವಭಾವವನ್ನು ಗಮನಿಸಬೇಕು. 2022ರ ಸೆಪ್ಟೆಂಬರ್ 30ರಂದು ತೆರೆ ಕಂಡ "ಕಾಂತಾರ" ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಕರಾವಳಿಯ ಕಾಡಂಚಿನ ಜನರ ನೆಲದ ಹಕ್ಕು, ದೈವಾರಾಧನೆ, ಧಣಿಯ ಮನೆಯೊಳಕ್ಕೆ ಕಾಲಿಡಲಾರದ ದೈವಪಾತ್ರಿಯ ಸ್ಥಿತಿ, ಇವೆಲ್ಲ ದೇಶದ ಮೂಲೆಮೂಲೆಗೂ ಅದರಿಂದ ತಲುಪಿದುವು. ನಾಯಕನಟರಾದ ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಚಿತ್ರವು ಮನೆಮಾತಾಗಿದ್ದ ಆ ಅಕ್ಟೋಬರಿನಲ್ಲಿಯೇ ರಾಜ್ಯ ಸರ್ಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಘೋಷಿಸಿತು. ತಲೆತಲಾಂತರದಿಂದ ಬೆಂಕಿಯ ಮುಂದೆ ಕುಣಿದ ಕಾಲುಗಳನ್ನು ತೆರೆಯ ಮೇಲೆ ಕಂಡ ಮೇಲೆ ಸರ್ಕಾರಕ್ಕೂ ನೆನಪಾಯಿತೆಂದರೆ, ಜನಪ್ರಿಯ ಮಾಧ್ಯಮವು ನಿಷ್ಪ್ರಯೋಜಕವೆನ್ನಲು ಯಾರಿಗೂ ಬಾಯಿಲ್ಲ.

ಆದರೆ ಕಥೆಯ ತೀರ್ಮಾನವನ್ನು ನೋಡಿರಿ. ಅನ್ಯಾಯವೆಲ್ಲವೂ ಒಬ್ಬ ಧಣಿಯ ಮೈಯಲ್ಲಿ ಬಂದು ನೆಲೆಸುತ್ತದೆ. ದೈವವು ಮೈದುಂಬಿ ಅವನನ್ನು ಸಂಹರಿಸುತ್ತದೆ. ಅರಣ್ಯಾಧಿಕಾರಿಯ ಕೈಯೂ ಜನರ ಕೈಯೂ ಒಂದಾಗುತ್ತವೆ. ಪ್ರೇಕ್ಷಕನು ಹಗುರವಾದ ಎದೆಯಿಂದ ಮನೆಗೆ ಹೋಗುತ್ತಾನೆ. ಚೋಮನ ಕಥೆಯಲ್ಲಿಯೂ ಪಂಜುರ್ಲಿಯುಂಟು. ಮತ ಬಿಡಹೊರಟ ಚೋಮನನ್ನು ಹಿಂದಕ್ಕೆ ತಿರುಗಿಸಿದುದು ಆ ದೈವದ ಮೇಲಿನ ಭಕ್ತಿಯೇ. ಆದರೆ ಆ ಪಂಜುರ್ಲಿಯು ಅವನಿಗೆ ನೆಲವನ್ನು ಕೊಡಿಸಲಿಲ್ಲ. ಸುಮಾರು ತೊಂಬತ್ತು ವರ್ಷಗಳ ಅಂತರದಲ್ಲಿ ಒಂದೇ ಸೀಮೆಯ ಒಂದೇ ದೈವವು ಎರಡು ಬಗೆಯಾಗಿ ಕಾಣಿಸಿಕೊಂಡಿದೆ. ಮೊದಲನೆಯ ಕಥೆ ಓದುಗನ ನಿದ್ದೆ ಕೆಡಿಸುತ್ತದೆ. ಎರಡನೆಯದು ಅವನಿಗೆ ನಿದ್ದೆ ಬರಿಸುತ್ತದೆ. ಖಳನು ಸತ್ತನೆಂದರೆ ಕೆಲಸ ಮುಗಿಯಿತು. ಪಹಣಿ ಯಾರ ಹೆಸರಿಗಾಯಿತೆಂದು ಕೇಳುವವರಿಲ್ಲ. ಇದು ಈ ಒಂದು ಚಿತ್ರದ ದೋಷವಲ್ಲ. ಹಣ ಕೊಟ್ಟು ಬಂದವನಿಗೆ ಸಮಾಧಾನವನ್ನೇ ಮಾರಬೇಕಾದ ವ್ಯಾಪಾರದ ಧರ್ಮವೇ ಹಾಗೆ. ಖಳನಿಗೆ ಮೀಸೆಯಂಟಿಸಿದಷ್ಟೂ ಪ್ರೇಕ್ಷಕನಿಗೆ ನೆಮ್ಮದಿ. ತನ್ನ ಮುಖದಲ್ಲಿ ಆ ಮೀಸೆಯಿಲ್ಲವಷ್ಟೆ.

ಮೀಸೆಯಿಲ್ಲದ ಅನ್ಯಾಯವನ್ನು ಕಾಣಬೇಕಾದರೆ ತಬರನ ಕಡೆಗೆ ತಿರುಗಬೇಕು. ಪೂರ್ಣಚಂದ್ರ ತೇಜಸ್ವಿಯವರ "ತಬರನ ಕಥೆ"ಯನ್ನು ಗಿರೀಶ ಕಾಸರವಳ್ಳಿಯವರು 1986ರಲ್ಲಿ ಚಿತ್ರವಾಗಿಸಿದರು. ಅದೂ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ಪುರಸಭೆಯ ಕೆಳದರ್ಜೆಯ ನೌಕರನಾದ ತಬರನು ಸರ್ಕಾರವೆಂದರೆ ದೇವರೆಂದು ನಂಬಿದವನು. ನಿವೃತ್ತನಾದ ಮೇಲೆ ಅವನ ಪಿಂಚಣಿಯ ಕಾಗದವು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ತಿರುಗುತ್ತದೆ. ಹಿಂದೆಂದೋ ತೆರಿಗೆ ವಸೂಲಿಯ ಲೆಕ್ಕದಲ್ಲಿ ಬಾಕಿ ತೋರಿತೆಂಬ ಷರಾ ಅಡ್ಡ ನಿಲ್ಲುತ್ತದೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಕಡೆಗೆ ಆ ಕಾಲನ್ನು ಕಡಿದುಕೊಡೆಂದು ಅವನು ಕಸಾಯಿಯವನಲ್ಲಿ ಬೇಡುವ ಮಟ್ಟಕ್ಕೆ ಬರುತ್ತಾನೆ. ಈ ಕಥೆಯಲ್ಲಿ ಯಾರೂ ತಬರನಿಗೆ ಹೊಡೆಯುವುದಿಲ್ಲ. ನಾಳೆ ಬಾ ಎನ್ನುತ್ತಾರೆ, ಅಷ್ಟೆ. ಪ್ರತಿಯೊಬ್ಬನೂ ತನ್ನ ನಿಯಮವನ್ನು ಪಾಲಿಸಿದ್ದಾನೆ; ಪ್ರತಿಯೊಬ್ಬನ ಕೈಯೂ ಶುಭ್ರವಾಗಿದೆ; ನಡುವೆ ಒಂದು ಹೆಣ ಬಿದ್ದಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಗುತ್ತ ಹೇಳುವ ನಾವು, ಆ ಪೂಜಾರಿಯ ಪಟ್ಟಿಯಲ್ಲಿ ನಮ್ಮ ಹೆಸರೂ ಇರಬಹುದೆಂದು ಸಾಮಾನ್ಯವಾಗಿ ಎಣಿಸುವುದಿಲ್ಲ.

ಸ್ವಲ್ಪ ದಿನಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ವೃದ್ಧರೊಬ್ಬರು ಬಂದಿದ್ದರು. ಕಂಕುಳಲ್ಲಿ ಬಟ್ಟೆಯ ಚೀಲ, ಅದರಲ್ಲಿ ಒಂದೇ ವಿಷಯವಾಗಿ ಬರೆದ ಅರ್ಜಿಗಳ ನಕಲುಗಳು, ಪ್ರತಿಯೊಂದರ ಮೂಲೆಯಲ್ಲಿಯೂ ಯಾವುದೋ ಕಚೇರಿಯ ಮುದ್ರೆ. ಪತ್ರಿಕೆಯಲ್ಲಿ ಹಾಕಿಸಬೇಕೆಂದು ಬಂದಿರಬಹುದೆಂದು ನಾವು ತಿಳಿದೆವು. ಅವರು ಕೇಳಿದುದು ಬೇರೆ: "ಸ್ವಾಮಿ, ಇದರಲ್ಲಿ ನಾನು ಬರೆದದ್ದು ತಪ್ಪಾಗಿದೆಯೋ ಏನೋ, ಒಂದು ಸಲ ಓದಿ ಹೇಳಿ. ತಪ್ಪಿಲ್ಲದಿದ್ದರೆ ಯಾಕೆ ಉತ್ತರ ಬರೋದಿಲ್ಲ?" ನಾವು ಓದಿದೆವು. ತಪ್ಪಿರಲಿಲ್ಲ. ಆ ದಿನ ಅವರಿಗೆ ಕೊಡಲು ನಮ್ಮಲ್ಲಿಯೂ ಉತ್ತರವಿರಲಿಲ್ಲ. ಅಸಂತೋಷವೆಂದರೆ ಕಲ್ಲು, ಬೆಂಕಿ, ಘೋಷಣೆಗಳೆಂದು ನಾವು ತಿಳಿದಿದ್ದೇವೆ. ಬಹುಕಾಲ ಅದು ಹೀಗೆ ಚೀಲದಲ್ಲಿ ಮಡಿಸಿದ ಕಾಗದವಾಗಿ, ತನ್ನದೇ ತಪ್ಪಿರಬಹುದೇನೋ ಎಂಬ ಅಂಜಿಕೆಯಾಗಿ ಕಾದುಕೊಂಡಿರುತ್ತದೆ.

ಪತ್ರಿಕೆಯವರಾದ ನಾವು ಅನ್ಯರನ್ನು ದೂರಿ ನಮ್ಮ ಬೆನ್ನನ್ನು ಮರೆಸಿಕೊಳ್ಳುವುದು ನ್ಯಾಯವಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗಳಿಸಿದುವು. ಕನ್ನಡಕ್ಕೆ ಇಂಥ ಗೌರವವು ಮೊದಲನೆಯದು. ತಮ್ಮ ಸಮಾಜದ ಹೆಣ್ಣುಮಕ್ಕಳು ಗಂಡನಿಂದಲೂ ಮಸೀದಿಯ ಯಜಮಾನರಿಂದಲೂ ಉಂಡ ನೋವನ್ನು ಅವರು ದಶಕಗಳಿಂದ ಬರೆದವರು. ಅವರ ಕಥೆಯೊಂದನ್ನು ಕಾಸರವಳ್ಳಿಯವರು 2004ರಲ್ಲಿ "ಹಸೀನಾ" ಎಂಬ ಚಿತ್ರವಾಗಿಸಿದ್ದರು. 2025ರ ದಸರಾ ಉದ್ಘಾಟನೆಗೆ ಅವರನ್ನು ಸರ್ಕಾರವು ಕರೆದಾಗ ಎದ್ದ ವಿವಾದವು ನ್ಯಾಯಾಲಯದ ಮೆಟ್ಟಿಲೇರಿತು. ಉಚ್ಚ ನ್ಯಾಯಾಲಯವೂ ಸುಪ್ರೀಂ ಕೋರ್ಟೂ ಆಕ್ಷೇಪವನ್ನು ತಳ್ಳಿಹಾಕಿದುವು. ಆ ವಾರಗಳಲ್ಲಿ ದೂರದರ್ಶನ ವಾಹಿನಿಗಳೂ ಪತ್ರಿಕೆಗಳೂ ಲೇಖಕಿಯ ಜಾತಿಮತಗಳನ್ನು ಕುರಿತು ಖರ್ಚುಮಾಡಿದ ಕಾಲದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಅವರ ಕಥೆಯೊಳಗಿನ ಹೆಂಗಸಿಗೆ ಕೊಟ್ಟುವೆ? ಬರೆದವಳು ಯಾರೆಂಬುದೇ ಸುದ್ದಿಯಾಯಿತು, ಬರೆದುದೇನೆಂಬುದು ಸುದ್ದಿಯಾಗಲಿಲ್ಲ. ಅಸ್ಮಿತೆಯ ಮಾತು ನ್ಯಾಯದ ಮಾತನ್ನು ನುಂಗಿಹಾಕುವ ರೀತಿಯಿದು. ತನ್ನ ಮನೆಯ ಅನ್ಯಾಯವನ್ನು ತಾನೇ ಹೊರಗಿಟ್ಟ ಲೇಖಕಿಯ ಧೈರ್ಯವನ್ನು ಆ ಮನೆಯವರು ದ್ರೋಹವೆಂದೂ ಪಕ್ಕದ ಮನೆಯವರು ಆಯುಧವೆಂದೂ ತಿಳಿಯುವುದು ಎರಡೂ ತಪ್ಪು. ಅದನ್ನು ಓದಿ, ನಮ್ಮ ಮನೆಯ ಹಸೀನಾ ಎಲ್ಲಿದ್ದಾಳೆಂದು ನೋಡಿಕೊಳ್ಳುವುದೊಂದೇ ಸರಿಯಾದ ಓದು.

ಇನ್ನು ಅಂಗೈಯೊಳಗಿನ ಯಂತ್ರದ ಮಾತು. ಇಂದು ಅನ್ಯಾಯದ ದೃಶ್ಯವು ನಡೆದ ಗಳಿಗೆಯಲ್ಲಿಯೇ ಲಕ್ಷಾಂತರ ಜನರ ಕಣ್ಣಿಗೆ ಬೀಳುತ್ತದೆ. ಇದರಿಂದ ಕೆಲವು ವೇಳೆ ಅಪರಾಧಿಗಳು ಸಿಕ್ಕಿಬೀಳುವುದುಂಟು. ಅಷ್ಟು ಲಾಭವನ್ನು ಒಪ್ಪಿಕೊಳ್ಳೋಣ. ಆದರೆ ಬೆರಳಿನಿಂದ ಒಂದು ದೃಶ್ಯವನ್ನು ಸರಿಸಿದರೆ ಅದರ ಹಿಂದೆಯೇ ಹಾಸ್ಯ, ಅದರ ಹಿಂದೆ ಅಡಿಗೆ, ಅದರ ಹಿಂದೆ ಮತ್ತೊಂದು ಹೊಡೆತದ ದೃಶ್ಯ. ಬೆಳಗಿನ ಕೋಪವು ಮಧ್ಯಾಹ್ನದವರೆಗೆ ಬದುಕುವುದಿಲ್ಲ. ಕಂಬಾಲಪಲ್ಲಿಯನ್ನು ನೆನೆಯಿರಿ. 2000ನೆಯ ಇಸವಿ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ನಾಡೆಲ್ಲ ಮರುಗಿತು, ಪತ್ರಿಕೆಗಳೆಲ್ಲ ಬರೆದುವು, ಕವಿಗಳು ಹಾಡಿದರು. 2006ರಲ್ಲಿ, ಸಾಕ್ಷಿಗಳು ತಿರುಗಿಬಿದ್ದುದರಿಂದ, ಆರೋಪಿಗಳು ಬಿಡುಗಡೆಯಾದರು. ಕವಿತೆಯು ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿಯಲಾರದು. ಆರು ವರ್ಷಗಳ ಕಾಲ ಆ ಸಾಕ್ಷಿಗಳು ಅದೇ ಊರಿನಲ್ಲಿ, ಅದೇ ಬಾವಿಯ ಬಳಿ, ಯಾರ ರಕ್ಷಣೆಯಲ್ಲಿ ಬದುಕಬೇಕಾಗಿದ್ದಿತೆಂದು ಕೇಳತಕ್ಕವರು ನಾವು, ಪತ್ರಿಕೆಯವರು. ಮೊದಲ ದಿನ ಮುಖಪುಟವನ್ನು ಕೊಟ್ಟೆವು. ಆರನೆಯ ವರ್ಷ ಒಂದು ಅಂಗುಲ ಜಾಗ. ಈ ಲೆಕ್ಕದಲ್ಲಿ ನಾವೂ ಬಾಕಿದಾರರು.

ಹಾಗಾದರೆ ಮಾಡತಕ್ಕದ್ದೇನು? ಸಾಹಿತಿಗಳಿಗೆ ಹೀಗೆ ಬರೆಯಿರಿ, ಸಿನಿಮಾದವರಿಗೆ ಹೀಗೆ ತೆಗೆಯಿರಿ ಎಂದು ಆಜ್ಞೆ ಮಾಡುವುದು ನಮ್ಮ ಕೆಲಸವಲ್ಲ. ಅಂಥ ಆಜ್ಞೆಯಿಂದ ಒಳ್ಳೆಯ ಕೃತಿಯೂ ಹುಟ್ಟದು. ನಾವು ಹೇಳಬೇಕಾದುದು ಓದುವವರಿಗೆ, ನೋಡುವವರಿಗೆ. ಕೃತಿಯು ತೋರಿಸುವವರೆಗೆ ತೋರಿಸುತ್ತದೆ. ಉಳಿದ ಅರ್ಧವನ್ನು ಓದುಗನು ತನ್ನ ಬೀದಿಯಲ್ಲಿ, ತನ್ನ ಮೇಜಿನಲ್ಲಿ ಮುಗಿಸಬೇಕು. ಇದಕ್ಕೆ ಸಾಧನಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ 1955ರ ಕಾಯಿದೆಯಿದೆ. ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಯಿದೆ. ಮಾಹಿತಿ ಹಕ್ಕಿನ 2005ರ ಕಾಯಿದೆಯಿದೆ. ನಮ್ಮ ರಾಜ್ಯದಲ್ಲಿಯೇ 2011ರ ಸಕಾಲ ಕಾಯಿದೆಯಿದೆ. ಅದರಂತೆ ಗೊತ್ತಾದ ಸೇವೆಯು ಗೊತ್ತಾದ ದಿನದೊಳಗೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಪರಿಹಾರವನ್ನು ಪ್ರಜೆಯು ಕೇಳಬಹುದು. ಆದರೆ ನಾಳೆ ಮತ್ತೆ ಯಾರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿದೆಯೋ ಅವರಿಂದಲೇ 20 ರೂಪಾಯಿ ಕೇಳುವ ಎದೆಗಾರಿಕೆ ಎಷ್ಟು ಮಂದಿ ತಬರರಿಗಿದ್ದೀತು? ಕಾಯಿದೆಯು ಹಕ್ಕನ್ನು ಕೊಡಬಲ್ಲದು. ಕೇಳುವವನ ನಡುಕವನ್ನು ಹೋಗಲಾಡಿಸುವುದು ಮೇಜಿನ ಈಚೆ ಕುಳಿತವನ ಸೌಜನ್ಯದಿಂದ ಮಾತ್ರ ಸಾಧ್ಯ.

ನಮ್ಮ ವಾಚಕರಲ್ಲಿ ಅಮಲ್ದಾರರಿಂದ ಹಿಡಿದು ಗುಮಾಸ್ತರವರೆಗೆ ಅಧಿಕಾರದಲ್ಲಿರುವವರು ಬಹಳ ಮಂದಿ. ಅವರಲ್ಲಿ ಅನೇಕರು ಸಾಹಿತ್ಯಪ್ರಿಯರು. ಸಮ್ಮೇಳನಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು, ಚೋಮನ ಹೆಸರು ಬಂದರೆ ಕಣ್ಣೊರೆಸಿಕೊಳ್ಳುವವರು. ಅವರ ಕಣ್ಣೀರು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಕಚೇರಿಗೆ ಹೋದಾಗ, ಮೇಜಿನ ಎಡಗಡೆಯಲ್ಲಿ ಧೂಳು ಹಿಡಿದ ಕಡತಗಳ ಕಟ್ಟಿನಲ್ಲಿ ಕೆಳಗಡೆಯದನ್ನು ಒಂದು ಸಲ ಹೊರಕ್ಕೆ ತೆಗೆದು ನೋಡಬೇಕೆಂದು ಅವರಲ್ಲಿ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ. ಅದರಲ್ಲಿರುವುದು ಚೋಮನ ಅರ್ಜಿಯಾಗಿರಬಹುದು, ತಬರನದಾಗಿರಬಹುದು. ಪೌರರಾದವರು ತಮ್ಮ ಊರಿನ ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಗುಡಿಯ ಬಾಗಿಲಲ್ಲಿ ಯಾರು ಒಳಗಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ ಎಂಬುದನ್ನು ಒಂದು ದಿನ ಗಮನವಿಟ್ಟು ನೋಡಲಿ. ಪತ್ರಿಕೆಯವರಾದ ನಾವೂ, ಚೀಲ ಹಿಡಿದು ಬಂದ ಆ ವೃದ್ಧರ ಅರ್ಜಿಯ ಗತಿಯೇನಾಯಿತೆಂದು ಕೇಳುವುದನ್ನು ಉತ್ತರ ಬರುವವರೆಗೆ ಬಿಡತಕ್ಕವರಲ್ಲ.

ಚೋಮನ ದುಡಿಯ ಸದ್ದನ್ನು ಕೇಳಿ ಮೆಚ್ಚಿದವರು ನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅವನು ಬೇಡಿದುದು ಮೆಚ್ಚುಗೆಯನ್ನಲ್ಲ, ಉಳಲು ಒಂದು ತುಂಡು ನೆಲವನ್ನು.